ಮೂರನೇ ಕೂಗು

ನಮ್ಮ ಕೋರ್ಟಿನ ಮೊದಲ ಮಹಡಿಯ ವರಾಂಡದಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಎಡಕ್ಕೆ, ಹತ್ತೊಂಬತ್ತು ವರ್ಷದಿಂದ ನನ್ನದೊಂದು ಜೆರಾಕ್ಸ್ ಮಷೀನಿದೆ. ಒಂದು ಮೇಜು, ಎರಡು ಸ್ಟೂಲು, ಕಾಗದದ ಕಟ್ಟುಗಳು, ಹಠಮಾರಿ ಸ್ಟೇಪ್ಲರು. ಎದುರಿಗೆ ಎರಡನೇ ನಂಬರಿನ ಕೋರ್ಟ್ ಹಾಲಿನ ಬಾಗಿಲು. ಆ ಬಾಗಿಲಲ್ಲಿ ನಿಂತು ಮೂವತ್ತೆರಡು ವರ್ಷ ಕಕ್ಷಿದಾರರ, ಸಾಕ್ಷಿಗಳ ಹೆಸರು ಕೂಗಿದ ಮೈಕಣ್ಣನ ವಿಷಯ ಹೇಳಬೇಕು ಅಂತ ಕೂತಿದ್ದೇನೆ. ಎದುರಿಗೆ ಸಿಕ್ಕಾಗ ಅವನಿಗೆ ‘ನೀವು’ ಅನ್ನುತ್ತೇನೆ. ಬರೆಯುವಾಗ ಏಕವಚನ. ಒಡಹುಟ್ಟಿದವನಲ್ಲದಿದ್ದರೂ ಅಣ್ಣನ ಮೇಲೆ ಅಷ್ಟು ಹಕ್ಕು ನನಗಿದೆ.

ಮೈಕಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಾಲಿನೊಳಗೆ ಮೈಕು ಬಂದು ಎಷ್ಟೋ ವರ್ಷವಾಯಿತು. ವರಾಂಡಕ್ಕೆ ಬರಲಿಲ್ಲ, ಬರುವ ಅಗತ್ಯವೂ ಬೀಳಲಿಲ್ಲ. ಅವನು ಬಾಗಿಲಲ್ಲಿ ನಿಂತು ಬಾಯಿ ತೆರೆದರೆ ಗೇಟಿನ ಹೊರಗೆ ಟೀ ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟು ಓಡಿ ಬರುತ್ತಿದ್ದ. ಆಳು ನೋಡಿದರೆ ಗಾಳಿಗೆ ಹಾರಿಹೋಗುವ ಹಾಗಿದ್ದ. ಅವನ ಖಾಕಿ ಪ್ಯಾಂಟಿನೊಳಗೆ ಇನ್ನೊಬ್ಬನಿಗೆ ಜಾಗವಿತ್ತು. ಅಷ್ಟು ದೊಡ್ಡ ದನಿಯನ್ನು ಎಲ್ಲಿ ಇಟ್ಟುಕೊಂಡಿದ್ದನೋ ಗೊತ್ತಿಲ್ಲ. ಅವನ ಹೆಂಡತಿಯನ್ನು ನಾನು ಅತ್ತಿಗೆ ಅಂತ ಕರೆಯುತ್ತೇನೆ. ಮರೆತುಹೋದ ಊಟದ ಡಬ್ಬಿ ಕೊಡಲು ಬಂದವರು ಒಂದು ಸಲ ನನ್ನ ಪಕ್ಕ ಕೂತು ಹೇಳಿದರು, "ಮನೇಲಿ ಉಪ್ಪು ಬೇಕಾದ್ರೂ ಮೂರು ಸಲ ಕೇಳ್ತಾರೆ ಕಣಮ್ಮ. ಮೂರನೇ ಸಲಕ್ಕೆ ನಮ್ಮಪ್ಪನ ಹೆಸರು, ನಮ್ಮೂರಿನ ಹೆಸರೂ ಸೇರಿಸ್ತಾರೆ."

ಅತ್ತಿಗೆ ಹೇಳಿದ್ದು ತಮಾಷೆಗಾದರೂ ಅವನು ಕೂಗುತ್ತಿದ್ದ ಕ್ರಮವೇ ಅದು. ಮೊದಲ ಕೂಗಿಗೆ ಬರೀ ಹೆಸರು. ಎರಡನೇದಕ್ಕೆ ಹೆಸರಿನ ಜೊತೆ ಅಪ್ಪನದೋ ಗಂಡನದೋ ಹೆಸರು. ಮೂರನೇದಕ್ಕೆ ಅವೆರಡರ ಜೊತೆ ಊರು. ನಡುವೆ ಹತ್ತು ಎಣಿಸುವಷ್ಟು ಹೊತ್ತು ಬಿಡುತ್ತಿದ್ದ. ಬೇರೆ ಹಾಲುಗಳ ಜವಾನರು ಒಂದೇ ಉಸಿರಿಗೆ ಮೂರು ಸಲ ಹೆಸರು ಉಗುಳಿ ಒಳಗೆ ಹೋಗಿಬಿಡುತ್ತಾರೆ, ಬಂದವರು ಬಂದರು, ಇಲ್ಲದವರು ಇಲ್ಲ. ಮೈಕಣ್ಣ ಹಾಗಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವನೂ ಅವಸರದಲ್ಲಿ ಒಂದೇ ಸಲ ಕೂಗಿ ಟೀಗೆ ಹೋಗಿದ್ದನಂತೆ. ಕೆಳಗೆ ಮೆಟ್ಟಿಲಲ್ಲಿ ಕಾಲುನೋವಿನ ಮುದುಕನೊಬ್ಬ ಒಂದೊಂದೇ ಹೆಜ್ಜೆ ಹತ್ತುತ್ತಿದ್ದ. ಅವನು ಮೇಲೆ ಬರುವಷ್ಟರಲ್ಲಿ ಗೈರುಹಾಜರಿ ಬರೆದು ವಾರಂಟು ಹೊರಡಿಸಿದ್ದಾಗಿತ್ತು. ಮುದುಕ ನಾಲ್ಕು ದಿನ ಲಾಕಪ್ಪಿನಲ್ಲಿದ್ದ. ಅವತ್ತಿನಿಂದ ಮೈಕಣ್ಣ ಒಂದು ಕೂಗೂ ತಪ್ಪಿಸಲಿಲ್ಲ, ಒಂದು ಅಕ್ಷರವನ್ನೂ ನುಂಗಲಿಲ್ಲ. ಬೆಳಿಗ್ಗೆ ಬಂದವನೇ ಆ ದಿನದ ಪಟ್ಟಿ ಓದಿ, ಸಾಕ್ಷಿಗಳ ಹತ್ತಿರ ಹೋಗಿ, ಅವರ ಹೆಸರು, ಅಪ್ಪನ ಹೆಸರು, ಊರು ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಆಮೇಲೆ ಕೈಯಲ್ಲಿ ಕಾಗದವೇ ಇಲ್ಲ. ಎಲ್ಲ ನಾಲಿಗೆಯ ಮೇಲೆ.

ಅವನು ಕೆಟ್ಟದ್ದು ಆ ನಾಲಿಗೆಯಿಂದಲೇ, ಅದೂ ಲಾಂಡ್ರಿ ಕೇಸಿನಲ್ಲಿ.

ಊರಾಚೆಯ ಗೋದಾಮೊಂದರಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಲಾಂಡ್ರಿ ಇತ್ತು. ಒಡತಿಯನ್ನು ಹುಡುಗಿಯರು ಆಂಟಿ ಅಂತ ಕರೆಯುತ್ತಿದ್ದರು. ಆಸ್ಪತ್ರೆಯಲ್ಲಿ ಕೆಲಸ ಕೊಡಿಸುತ್ತೇನೆ ಅಂತ ಅವಳು ಮತ್ತು ಅವಳ ತಮ್ಮ ಸೇರಿ ದೂರದೂರದಿಂದ ಹನ್ನೊಂದು ಹೆಣ್ಣುಮಕ್ಕಳನ್ನು ಕರೆತಂದಿದ್ದರು. ಬಂದ ದಿನವೇ ಅವರ ಫೋನು, ಗುರುತಿನ ಚೀಟಿ ಕಸಿದುಕೊಂಡು ಬೇರೆ ಹೆಸರಿನ ಸುಳ್ಳು ಚೀಟಿ ಕೊಟ್ಟರು. ಬಾಗಿಲಿಗೆ ಹೊರಗಿನಿಂದ ಬೀಗ. ದಿನಕ್ಕೆ ಹದಿನಾರು ಗಂಟೆ ನಿಂತೇ ಕೆಲಸ. ಹಬೆಗೆ ಕೈ ಸುಟ್ಟರೆ ಟೂತ್‌ಪೇಸ್ಟೇ ಔಷಧಿ. ಎರಡು ವರ್ಷ ಹೀಗೆ ನಡೆಯಿತು. ಪೊಲೀಸರು ಬೀಗ ಒಡೆದ ದಿನ ಏನು ಮಾಡಿದರು ಗೊತ್ತಾ? ಸುಳ್ಳು ಚೀಟಿ ಇಟ್ಟುಕೊಂಡ ತಪ್ಪಿಗೆ ಆ ಹನ್ನೊಂದು ಜನರ ಮೇಲೇ ಕೇಸು ಹಾಕಿದರು. ಮೈಕಣ್ಣ ಅವರನ್ನು ಮೊದಲು ಕರೆದದ್ದು ಆರೋಪಿಗಳು ಅಂತ. ಅವತ್ತು ನನಗೆ ಬಂದ ಸಿಟ್ಟು ಈಗಲೂ ಹಾಗೇ ಇದೆ.

ನಾನು ಓದಿದ್ದು ಹತ್ತನೇ ಕ್ಲಾಸು. ಆದರೆ ಹತ್ತೊಂಬತ್ತು ವರ್ಷ ಕಾನೂನಿನ ಹಾಳೆಗಳನ್ನು ಗಾಜಿನ ಮೇಲೆ ಬೋರಲು ಹಾಕಿ ಎತ್ತಿದವಳು, ಒಂದಿಷ್ಟಾದರೂ ಕಣ್ಣಿಗೆ ಬೀಳುತ್ತದೆ. ಮೋಸ ಮಾಡಿ, ಹೆದರಿಸಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಮಾನವ ಕಳ್ಳಸಾಗಣೆಗೆ ಸಿಕ್ಕಿದವರು ಆ ಸ್ಥಿತಿಯಲ್ಲಿ ಬೇರೆ ದಾರಿಯಿಲ್ಲದೆ ಮಾಡಿದ್ದಕ್ಕೆ ಅವರನ್ನೇ ಶಿಕ್ಷಿಸುವುದು ನ್ಯಾಯವಲ್ಲ. ಎರಡನೇ ನಂಬರಿನ ಜಡ್ಜಮ್ಮ ಇದನ್ನೇ ಬರೆದು ಹನ್ನೊಂದು ಜನರನ್ನೂ ಕೇಸಿನಿಂದ ಬಿಡಿಸಿದರು. ಆಂಟಿ ಮತ್ತು ಅವಳ ತಮ್ಮ ಆರೋಪಿಗಳಾದರು, ಜಾಮೀನಿನ ಮೇಲೆ ಹೊರಗೂ ಬಂದರು. ಬಂದ ತಿಂಗಳೊಳಗೆ ಯಾರೋ ಆ ಹುಡುಗಿಯರ ಮನೆಮನೆಗೆ ಹೋಗಿ ಬಂದರು. ಒಬ್ಬಳ ಅಣ್ಣನ ಕಾಲು ಮುರಿಯಿತು. ಒಬ್ಬೊಬ್ಬರೇ ‘ನಮಗೇನೂ ನೆನಪಿಲ್ಲ’ ಅನ್ನತೊಡಗಿದರು. ಕೊನೆಗೆ ಹೇಳುತ್ತೇನೆ ಅಂತ ನಿಂತವಳು ಒಬ್ಬಳೇ. ಅವಳು ಹೇಳದಿದ್ದರೆ ಕೇಸು ಬಿದ್ದುಹೋಗುತ್ತಿತ್ತು. ಬೀಗ ಒಡೆದ ಪೊಲೀಸು, ಗಾಯ ನೋಡಿದ ಡಾಕ್ಟರು, ಗೋದಾಮಿನ ಮಾಲೀಕ, ಈ ಮೂವರು ಸಾಕ್ಷಿಗಳಿಗೆ ಒಳಗೆ ನಡೆದದ್ದು ಏನು ಗೊತ್ತು?

ಹಾಗಾಗಿ ಜಡ್ಜಮ್ಮ ಅವಳಿಗೆ ರಕ್ಷಣೆಯ ಆದೇಶ ಮಾಡಿದರು. ಅವಳಿಗೆ ಬೇರೆ ಹೆಸರು ಕೊಟ್ಟು, ಆಶ್ರಯಧಾಮದವರು ಬೇರೆ ಊರಿನಲ್ಲಿ ಒಂದು ರೂಮು, ಬೇಕರಿಯೊಂದರಲ್ಲಿ ಕೆಲಸ ಹುಡುಕಿಕೊಟ್ಟರು. ಆಂಟಿಯ ಕಡೆಯವರಿಗೆ ಅವಳ ಹಳೇ ಹೆಸರು, ಹಳೇ ಊರು ಮಾತ್ರ ಗೊತ್ತು. ಹೊಸದು ಗೊತ್ತಿದ್ದದ್ದು ಒಂದು ಮುಚ್ಚಿದ ಲಕೋಟೆಗೆ ಮತ್ತು ಆಶ್ರಯಧಾಮದ ವಾರ್ಡನ್‌ಗೆ. ಕೋರ್ಟಿನ ಕಾಗದದಲ್ಲೆಲ್ಲ ಅವಳು ಬರೀ ‘ಸಾಕ್ಷಿ ನಾಲ್ಕು’. ಅವಳನ್ನು ಕೂಗಕೂಡದು, ಪಕ್ಕದ ಕೋಣೆಯಲ್ಲಿ ಕೂರಿಸಿ ಬಾಗಿಲು ತಟ್ಟಿ ಕರೆದುಕೊಂಡು ಬರಬೇಕು ಅಂತ ಮೈಕಣ್ಣನಿಗೆ ಜಡ್ಜಮ್ಮ ಖುದ್ದಾಗಿ ಹೇಳಿದ್ದರು. ಅವನು ನನ್ನ ಹತ್ತಿರ ಬಂದು, "ಮೂವತ್ತೆರಡು ವರ್ಷದಲ್ಲಿ ಮೊದಲ್ನೇ ಸಲ ಬಾಯಿ ಮುಚ್ಕೊಂಡು ಕೆಲಸ ಮಾಡು ಅಂತಿದ್ದಾರೆ ಜೆರಾಕ್ಸಮ್ಮ" ಅಂದ. ಅವನು ನನ್ನನ್ನು ಕರೆಯುತ್ತಿದ್ದದ್ದು ಹಾಗೆ. "ನಿಮ್ಮಿಂದ ಆಗೋ ಕೆಲಸ ಅಲ್ಲ ಬಿಡಿ" ಅಂತ ನಾನು ನಕ್ಕಿದ್ದೆ. ಆ ನಗು ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆ ದಿನ ಒಂಬತ್ತಕ್ಕೆ ಮೊದಲೇ ಅವಳು ಬಂದಳು. ಇಪ್ಪತ್ತನಾಲ್ಕು ವರ್ಷ ಇರಬಹುದು. ಮುಖಕ್ಕೆ ಮಾಸ್ಕು. ಮುಂಗೈ ಮೇಲೆ ಇಸ್ತ್ರಿಯ ಅಂಚಿನಷ್ಟೇ ನೇರವಾದ ಎರಡು ಕಲೆ. ಜೊತೆಗೆ ವಾರ್ಡನ್, ಯಾರನ್ನೂ ನಂಬದ ಕಣ್ಣಿನ ದಪ್ಪ ಹೆಂಗಸು. ವಾರ್ಡನ್ ಅವಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಸರ್ಕಾರಿ ವಕೀಲರ ಹತ್ತಿರ ಮಾತಾಡಲು ಹೋದರು. ಮೈಕಣ್ಣ ಒಳ್ಳೇ ಕುರ್ಚಿ ಹುಡುಕಿ ತಂದುಕೊಟ್ಟ, ನೀರು ಕೊಟ್ಟ. ಆ ಹತ್ತು ನಿಮಿಷದಲ್ಲಿ ಆದದ್ದನ್ನು ಅವನೇ ಆಮೇಲೆ ನನಗೆ ಹೇಳಿದ.

"ಅಣ್ಣಾ, ನಂಗೊಂದು ಚೀಟಿ ಬೇಕಿತ್ತು" ಅಂದಳಂತೆ ಅವಳು. "ಕೋರ್ಟಿಗೆ ಹೋಗಿದ್ಲು ಅಂತ, ಅಷ್ಟೇ. ಬೇಕರಿ ಓನರು ಸುಮ್ಮನೆ ರಜ ಕೊಡಲ್ಲ. ಏನೋ ಜಾಗದ ತಕರಾರು ಅಂತ ಹೇಳಿ ಬಂದಿದ್ದೀನಿ."

ಹಾಜರಿಯ ಚೀಟಿ ಸಾಮಾನ್ಯವಾಗಿ ಸಾಯಂಕಾಲ ಕೊಡುವುದು. ಆದರೆ ಸಾಯಂಕಾಲ ಕಾದರೆ ಈ ಮಗುವಿಗೆ ಬಸ್ಸು ತಪ್ಪುತ್ತದೆ ಅಂತ ಅವನಿಗೆ ಅನ್ನಿಸಿತು. ಜೇಬಿನಿಂದ ಚೀಟಿ ಪುಸ್ತಕ ತೆಗೆದ. ಚೀಟಿಯಲ್ಲಿ ಮೂರು ಗೆರೆ: ಹೆಸರು, ತಂದೆಯ ಹೆಸರು, ಊರು. ಕೇಳಿದ. ಕುರ್ಚಿ ಕೊಟ್ಟ ಮನುಷ್ಯನಲ್ಲವೇ, ಅವಳು ಹೇಳಿದಳು. ಅವನು ಮುದ್ದಾಗಿ ಬರೆದು, ಸೀಲು ಹಾಕಿಸಿ ಆಮೇಲೆ ಕೊಡುತ್ತೇನೆ ಅಂತ ಅಂಗಿ ಜೇಬಿನಲ್ಲಿ ಇಟ್ಟುಕೊಂಡ. ಲಕೋಟೆಯೊಳಗೆ ಇರಬೇಕಾದ್ದು ಅವನ ನಾಲಿಗೆಯ ಮೇಲೆ ಬಂದು ಕೂತಿತು.

ಹನ್ನೊಂದೂವರೆಗೆ ಕೇಸು ತೆಗೆದುಕೊಂಡರು. ಮೈಕಣ್ಣ ಪಕ್ಕದ ಕೋಣೆಯ ಬಾಗಿಲು ತಟ್ಟಿದ. ಕೋಣೆ ಖಾಲಿ. ಮೇಲಿನ ಶೌಚಾಲಯದಲ್ಲಿ ನೀರು ಬರುತ್ತಿರಲಿಲ್ಲ, ವಾರ್ಡನ್ ಅವಳನ್ನು ಕೆಳಗೆ ಕರೆದುಕೊಂಡು ಹೋಗಿದ್ದರು. ಒಳಗೆ ಆಂಟಿಯ ವಕೀಲ ಇದಕ್ಕೇ ಕಾದಿದ್ದವನಂತೆ ಎದ್ದು ನಿಂತ. "ಸಾಕ್ಷಿ ಬಂದಿಲ್ಲ ಮೇಡಂ. ಸಾಕ್ಷ್ಯಕ್ಕೆ ಕೊಟ್ಟ ಮೂರನೇ ತಾರೀಕು ಇದು. ಬಂದಿಲ್ಲ ಅಂತ ದಾಖಲು ಮಾಡಿ ಸಾಕ್ಷ್ಯ ಮುಗಿಸಬೇಕು." ಬಾಗಿಲು ತೆರೆದಿತ್ತು, ನನಗೆ ಎಲ್ಲ ಕೇಳಿಸುತ್ತಿತ್ತು. ಜಡ್ಜಮ್ಮ ಹೇಳಿದರು, "ಕರೀರಿ. ನಂಬರ್ ಮಾತ್ರ."

ಮೈಕಣ್ಣ ಬಾಗಿಲಿಗೆ ಬಂದ. ಮೂರು ಕೂಗಿಗೆ ಅವಳು ಬರದಿದ್ದರೆ ಎರಡು ವರ್ಷದ ಬೀಗ, ಆ ಸುಟ್ಟ ಕೈ, ಎಲ್ಲ ‘ಗೈರುಹಾಜರಿ’ ಅನ್ನುವ ಒಂದು ಪದದಲ್ಲಿ ಮುಗಿಯುತ್ತದೆ. ಅವನಿಗೆ ಆ ಹಳೇ ಮುದುಕ ನೆನಪಾಗಿದ್ದನೋ ಏನೋ.

"ಸಾಕ್ಷಿ ನಾಲ್ಕೂ..." ಅಂದ. ಹತ್ತು ಎಣಿಸಿದ. ಮೆಟ್ಟಿಲ ಕಡೆ ನೋಡಿದ. ಯಾರೂ ಇಲ್ಲ.

"ಸಾಕ್ಷಿ ನಾಲ್ಕೂ..." ಎರಡನೇ ಸಲ ದನಿ ಇನ್ನೂ ದೊಡ್ಡದಾಯಿತು. ಹತ್ತು ಎಣಿಸುವ ತಾಳ್ಮೆ ಇರಲಿಲ್ಲ, ಕಾಲು ಬದಲಿಸುತ್ತ ಕಂಬಿಯ ತನಕ ಹೋಗಿ ಬಗ್ಗಿ ನೋಡಿ ಬಂದ.

ಮೂರನೇ ಸಲ ಉಸಿರು ಎಳೆದುಕೊಂಡ. ಬಾಯಿ ತೆರೆದ. ಮೂವತ್ತೆರಡು ವರ್ಷದ ಅಭ್ಯಾಸ ಆ ಬಾಯಿಯನ್ನು ಕಿತ್ತುಕೊಂಡಿತು. ಹೆಸರು, ತಂದೆಯ ಹೆಸರು, ಊರು, ಮೂರೂ ಒಂದೊಂದು ಅಕ್ಷರ ಬಿಡಿಸಿ, ಗೇಟಿನ ತನಕ ಕೇಳುವ ಹಾಗೆ ಹೊರಬಂದವು. ನಾನು ಕೇಳಿಸಿಕೊಂಡೆ. ಇಲ್ಲಿ ಬರೆಯುವುದಿಲ್ಲ.

ಕೇಳಿಸಿಕೊಂಡವಳು ನಾನೊಬ್ಬಳೇ ಅಲ್ಲ. ಆಂಟಿಯ ತಮ್ಮ ನನ್ನ ಮೇಜಿನ ಮುಂದೆಯೇ ನಿಂತಿದ್ದ, ಅಕ್ಕನ ಆಸ್ಪತ್ರೆ ಕಾಗದಗಳ ಪ್ರತಿ ಮಾಡಿಸಲು. ಅವನ ಅಂಗಿಯ ತೋಳಿನ ಮಡಿಕೆ ಕತ್ತಿಯಂತೆ ನೆಟ್ಟಗಿರುತ್ತಿತ್ತು. ಯಾರ ಕೈ ಇಸ್ತ್ರಿ ಮಾಡಿದ್ದೋ ಅಂತ ಅವನು ಬಂದಾಗಲೆಲ್ಲ ನನಗೆ ಅನ್ನಿಸುತ್ತಿತ್ತು. ಅವನು ಫೋನು ತೆಗೆದು ಆ ಕಡೆ ತಿರುಗಿದ. "ಊರು ಸಿಕ್ತು ನೋಡು" ಅಂದು, ಊರಿನ ಹೆಸರು, ಹುಡುಗಿಯ ಹೊಸ ಹೆಸರು ಎರಡನ್ನೂ ಹೇಳಿದ. ಆಮೇಲೆ ನನ್ನ ಕಡೆ ಕೈ ಚಾಚಿ, "ಬೇಗ ಕೊಡಿ ನಮ್ಮ ಪೇಪರು" ಅಂದ.

"ಸಿಕ್ಕಾಕ್ಕೊಂಡಿದೆ ಸಾರ್" ಅಂದೆ. ಮಷೀನಿನ ಮುಚ್ಚಳ ತೆಗೆದೆ, ಟ್ರೇ ಎಳೆದೆ, ಏನೂ ಸಿಕ್ಕಿಕೊಳ್ಳದ ರೋಲರಿನೊಳಗೆ ಕೈ ಹಾಕಿ ಹುಡುಕಿದೆ. ಅವನನ್ನು ಅಲ್ಲೇ ತಡೆಯಲು ನನಗೆ ಗೊತ್ತಿದ್ದ ಉಪಾಯ ಅದೊಂದೇ. ಅವನು ನಾಲಿಗೆ ಲೊಚಗುಟ್ಟುತ್ತ ಅಲ್ಲೇ ಶತಪಥ ಹಾಕತೊಡಗಿದ. ಫೋನ್ ಕರೆ ಮಾತ್ರ ಹೋಗಿಯಾಗಿತ್ತು.

ಕೆಳಗಿನ ಮೆಟ್ಟಿಲಲ್ಲಿ ಆ ಹುಡುಗಿ ಕೂತುಬಿಟ್ಟಿದ್ದಳು. ವಾರ್ಡನ್ ಅವಳನ್ನು ಎಬ್ಬಿಸಿ, ತಬ್ಬಿಕೊಂಡೇ ಹಿಂದಿನ ದಾರಿಯಿಂದ ಕೋಣೆಗೆ ಸೇರಿಸಿದರು. ಹೋಗುವಾಗ ವಾರ್ಡನ್ ಮೈಕಣ್ಣನ ಕಡೆ ನೋಡಿದ ನೋಟ ಇದೆಯಲ್ಲ, ಅದನ್ನು ಅವನು ಸಾಯುವ ತನಕ ಮರೆಯಲಾರ. ಅವನು ಬಾಯಿ ಮೇಲೆ ಕೈ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ.

ಹಿರಿಯ ಗುಮಾಸ್ತರು ಹೊರಗೆ ಬಂದರು. ಒಳ್ಳೆಯವರೇ, ಮೈಕಣ್ಣನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದವರು. ಅವನ ತೋಳು ಹಿಡಿದು ಗೋಡೆಗೆ ಎಳೆದುಕೊಂಡು ಹೋಗಿ ಹೇಳಿದರು, "ಒಳಗೆ ಫ್ಯಾನ್ ಸದ್ದು, ಯಾರಿಗೂ ಸರಿಯಾಗಿ ಕೇಳಿಸಿಲ್ಲ. ಏನೋ ಕೂಗಿದ ಅಂತಷ್ಟೇ ಗೊತ್ತು. ಹೆಸರು ಬಾಯಿಬಿಟ್ಟೆ ಅಂತ ಆದ್ರೆ ಅದೇ ಒಂದು ಅಪರಾಧ ಕಣಯ್ಯಾ, ನಿನ್ನ ಮೇಲೇ ಕೇಸಾಗುತ್ತೆ. ಇನ್ನು ಏಳು ತಿಂಗಳು ಇದೆ ನಿನ್ನ ನೌಕರಿ. ಸುಮ್ಮನಿದ್ದುಬಿಡು." ಆಮೇಲೆ ನನ್ನ ಕಡೆ ತಿರುಗಿದರು. "ಏನಮ್ಮ, ನಿಂಗೆ ಕೇಳಿಸ್ತಾ?"

ಹೇಳಿಬಿಡುತ್ತೇನೆ. ನಾನು ಸುಳ್ಳು ಹೇಳಿದೆ. "ಮಷೀನ್ ಓಡ್ತಾ ಇತ್ತು ಸಾರ್" ಅಂದೆ. ಆ ಹುಡುಗಿ ಯಾರೋ, ಇವನು ನನ್ನ ಅಣ್ಣ. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಅತ್ತಿಗೆಯ ಮುಖ ಮಾತ್ರ.

ಮೈಕಣ್ಣ ಕೈ ತೆಗೆದ. "ಕೇಳಿಸಿದೆ" ಅಂದ. ಅವನ ದನಿ ಇಷ್ಟು ಸಣ್ಣಗಿದ್ದದ್ದು ನಾನು ಅದೇ ಮೊದಲು ಕೇಳಿದ್ದು. "ಜೆರಾಕ್ಸಮ್ಮಂಗೂ ಕೇಳಿಸಿದೆ, ಅಲ್ಲಿ ಓಡಾಡ್ತಿದಾನಲ್ಲ ಅವನಿಗೂ ಕೇಳಿಸಿದೆ. ನಾನು ಸುಮ್ಮನಿದ್ರೆ ಆ ಮಗು ಸಾಯಂಕಾಲದ ಬಸ್ಸಿಗೆ ಅದೇ ಊರಿಗೆ ಹೋಗುತ್ತೆ."

ಅಂದವನೇ ಒಳಗೆ ಹೋದ. ಜಡ್ಜಮ್ಮ ಬೇರೇನೋ ಬರೆಯುತ್ತಿದ್ದರು. ಅವನು ಕಟಕಟೆಯ ಹತ್ತಿರ ನಿಂತು, ಕೈ ಕಟ್ಟಿಕೊಂಡು, ತಡವರಿಸದೆ ಹೇಳಿದ: ಸಾಕ್ಷಿಯ ಹೊಸ ಹೆಸರು, ಊರು ತಾನು ಕೂಗಿದ್ದೇನೆ, ಹೊರಗೆ ಆರೋಪಿ ಇದ್ದಾನೆ, ಕೇಳಿಸಿಕೊಂಡಿದ್ದಾನೆ. ಜಡ್ಜಮ್ಮ ಪೆನ್ನಿನ ಕ್ಯಾಪು ಹಾಕಿದರು, ಮತ್ತೆ ತೆಗೆದರು. ಆಮೇಲೆ ಒಂದರ ಹಿಂದೆ ಒಂದು ಆದೇಶ. ಪೊಲೀಸು ಬಂದು ನನ್ನ ಮೇಜಿನ ಮುಂದೆಯೇ ತಮ್ಮನ ಫೋನು ಕಿತ್ತುಕೊಂಡ. ಅಷ್ಟರಲ್ಲಿ ಎರಡು ಕರೆ ಹೋಗಿದ್ದವು. ಅವನ ಜಾಮೀನು ಅಲ್ಲೇ ರದ್ದಾಯಿತು. ಆ ಊರಿನ ಠಾಣೆಗೆ ಸುದ್ದಿ ಹೋಯಿತು. ಹುಡುಗಿ ಇನ್ನು ಆ ಊರಿಗೆ ಕಾಲಿಡಕೂಡದು, ಅವಳ ಸಾಮಾನು ಪೊಲೀಸರೇ ತರಬೇಕು, ಮತ್ತೆ ಹೊಸ ಹೆಸರು, ಹೊಸ ಜಾಗ ಆಗಬೇಕು ಅಂತ ಬರೆಸಿದರು. ಕೊನೆಗೆ ಮೈಕಣ್ಣನಿಗೆ ಒಂದು ಬಿಳಿ ಹಾಳೆ ಕೊಡಿಸಿ, ಆದದ್ದನ್ನು ಬರೆದುಕೊಡಲು ಹೇಳಿದರು. ಅವನು ಬರೆದು ಸಹಿ ಹಾಕಿದ. ಆ ಹಾಳೆಯನ್ನು ಪ್ರತಿ ಮಾಡಲು ನನ್ನ ಹತ್ತಿರವೇ ತಂದರು. ಅಕ್ಷರ ಯಾವಾಗಿನ ಹಾಗೆ ದುಂಡಗಿತ್ತು.

ಸಾಕ್ಷ್ಯ ಬೇರೆ ದಿನ ಕೊಡಬಹುದು, ಬೇರೆ ಊರಿನಿಂದ ವಿಡಿಯೋದಲ್ಲೂ ಕೊಡಬಹುದು, ಯಾವ ಬಲವಂತವೂ ಇಲ್ಲ ಅಂತ ಜಡ್ಜಮ್ಮ ಹೇಳಿ ಕಳಿಸಿದ್ದರು. ವಾರ್ಡನ್ ನನ್ನ ನೀರಿನ ಬಾಟಲಿ ಕೇಳಿದರು. ಕೊಡಲು ಕೋಣೆಗೆ ಹೋದೆ. ಹುಡುಗಿ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ಮೈಕಣ್ಣ ಹೊಸ್ತಿಲ ಆಚೆ ಬಂದು ನಿಂತ.

"ತಪ್ಪಾಯ್ತಮ್ಮ" ಅಂದ.

ಅವಳು ತಿರುಗಲಿಲ್ಲ. ಗೋಡೆಗೇ ಹೇಳಿದಳು. "ಆ ಊರಲ್ಲಿ ನಂಗೊಂದು ರೂಮಿತ್ತಣ್ಣ. ಒಳಗಡೆಯಿಂದ ಚಿಲಕ ಹಾಕ್ಕೋಬೋದಿತ್ತು. ತಪ್ಪಾಯ್ತು ಅಂದ್ರೆ ಅದು ವಾಪಸ್ ಬರುತ್ತಾ?"

ಆಗಷ್ಟೇ ಸುಳ್ಳು ಹೇಳಿದ್ದ ನಾನು ಬಾಟಲಿಯನ್ನು ಅವಳ ಪಕ್ಕ ಇಟ್ಟೆ.

"ನಡೀಮ್ಮ, ಹೋಗೋಣ" ಅಂದರು ವಾರ್ಡನ್. "ಇನ್ನೊಂದು ದಿನ ಬಂದ್ರಾಯ್ತು."

"ಇನ್ನೊಂದು ದಿನ ನಾನು ಬರಲ್ಲ ಮೇಡಂ. ನಂಗೆ ಗೊತ್ತು, ಬರೋಕೆ ಧೈರ್ಯ ಆಗಲ್ಲ." ಅವಳು ಮಾಸ್ಕು ತೆಗೆದು ಮುಖ ಒರೆಸಿಕೊಂಡಳು. "ಊರು ಹೋಯ್ತು, ಕೆಲಸ ಹೋಯ್ತು. ಇನ್ನು ಹೇಳ್ದೇನೇ ಹೋದ್ರೆ ಎಲ್ಲ ದಂಡ. ಇವತ್ತೇ ಹೇಳ್ತೀನಿ." ಆಮೇಲೆ ಮೊದಲ ಸಲ ತಿರುಗಿ ಅವನನ್ನು ನೋಡಿದಳು. "ಇವರು ಮಾತ್ರ ನನ್ನ ಕರೀಬಾರ್ದು. ಬಾಗಿಲಲ್ಲೂ ಇರಬಾರ್ದು."

ಮೈಕಣ್ಣ ತಲೆ ಆಡಿಸಿ ಮೆಟ್ಟಿಲಿಳಿದು ಹೋದ.

ಮಧ್ಯಾಹ್ನ ಎರಡಕ್ಕೆ ಹಾಲಿನ ಬಾಗಿಲು ಮುಚ್ಚಿದರು. ಅವಳಿಗೂ ಆಂಟಿಗೂ ನಡುವೆ ಪರದೆ ಕಟ್ಟಿದರು. ಗುಮಾಸ್ತರೇ ಹೋಗಿ ಬಾಗಿಲು ತಟ್ಟಿ ಅವಳನ್ನು ಕರೆತಂದರು. ಎರಡೂವರೆ ಗಂಟೆ ಹೊತ್ತು ನಾನು ಆ ಮುಚ್ಚಿದ ಬಾಗಿಲನ್ನು ನೋಡುತ್ತ ಕೂತಿದ್ದೆ, ಬಂದ ಗಿರಾಕಿಗಳಿಗೆಲ್ಲ ತಪ್ಪು ಪ್ರತಿ ಕೊಟ್ಟು ಬೈಸಿಕೊಂಡೆ. ಕಂಬಿಯಿಂದ ಬಗ್ಗಿದರೆ ಕೆಳಗೆ ಮೈಕಣ್ಣ ಕಾಣುತ್ತಿದ್ದ. ಗೇಟಿನಿಂದ ನಲ್ಲಿಯ ತನಕ, ನಲ್ಲಿಯಿಂದ ಗೇಟಿನ ತನಕ ನಡೆಯುತ್ತಲೇ ಇದ್ದ. ಊಟದ ಡಬ್ಬಿ ನನ್ನ ಮೇಜಿನ ಮೇಲೆ ಹಾಗೇ ಇತ್ತು. ಐದರ ಸುಮಾರಿಗೆ ಹಿಂದಿನ ಗೇಟಿನಿಂದ ಒಂದು ವ್ಯಾನು ಹೋಯಿತು. ಅದು ಹೋದ ಮೇಲೆ ಅವನು ಜೇಬಿನಿಂದ ಆ ಚೀಟಿ ತೆಗೆದ. ಹರಿದು ಹಾಕಿದರೆ ಯಾರಾದರೂ ಜೋಡಿಸಿಯಾರು ಅಂತ ಹೆದರಿ, ಟೀ ಅಂಗಡಿಯ ಒಲೆಗೆ ಹಿಡಿದು, ಬೂದಿಯಾಗುವ ತನಕ ನಿಂತಿದ್ದ.

ಆರು ತಿಂಗಳಿಗೆ ತೀರ್ಪು ಬಂತು. ಅದರ ಪ್ರತಿಗಳು ನನ್ನ ಮಷೀನಿನಲ್ಲೇ ಆದವು, ಹಾಗಾಗಿ ಒಂದು ಸಾಲು ನನ್ನ ಕಣ್ಣಿಗೂ ಬಿತ್ತು. ‘ನೀನು ನಿನ್ನ ಕಾಲಲ್ಲೇ ನಡೆದುಕೊಂಡು ಬಂದೆ ಅಲ್ಲವೇ’ ಅಂತ ವಕೀಲ ಕೇಳಿದ್ದಕ್ಕೆ ಸಾಕ್ಷಿ ನಾಲ್ಕು ಹೇಳಿದ್ದಳು: ಹೌದು, ಬಂದಿದ್ದು ನನ್ನ ಕಾಲಲ್ಲೇ, ವಾಪಸ್ ಹೋಗೋಕೆ ಆ ಕಾಲಿಗೆ ಯಾಕೆ ಬಿಡಲಿಲ್ಲ ಅಂತ ಅವರನ್ನ ಕೇಳಿ. ಆಂಟಿಗೆ ಹತ್ತು ವರ್ಷ, ತಮ್ಮನಿಗೆ ಹನ್ನೆರಡು. ಅವಳಿಗೂ ಉಳಿದ ಹತ್ತು ಜನರಿಗೂ ಪರಿಹಾರ ಕೊಡಬೇಕು ಅಂತ ಆಯಿತು. ಓದಿ ನಾನು ಟೇಬಲ್ಲಿನಡಿ ತಲೆ ಹಾಕಿ ಅತ್ತೆ, ಯಾರೂ ನೋಡದಿರಲಿ ಅಂತ.

ಮೈಕಣ್ಣನ ಕೇಸು ಅದಕ್ಕೂ ಮೊದಲೇ ಮುಗಿದಿತ್ತು. ವಕೀಲ ಬೇಡ ಅಂದ, ತಪ್ಪು ಒಪ್ಪಿಕೊಂಡ. ಬೇಕೆಂದು ಮಾಡಿದ್ದಲ್ಲ ಅಂತ ಸಣ್ಣ ಶಿಕ್ಷೆಗೆ ಬಿಟ್ಟರು, ನೌಕರಿ ಮಾತ್ರ ಹೋಯಿತು. ಹೋಗಲಿ ಅಂತ ಅತ್ತಿಗೆ ಸಮಾಧಾನ ಮಾಡಿಕೊಂಡರು. ಅವರಿಗೆ ತಡೆಯಲಾಗದಿದ್ದದ್ದು ಬೇರೆ. ಮನೆಯಲ್ಲಿ ಕೂತರೆ ಐದು ನಿಮಿಷಕ್ಕೆ ಎದ್ದು ನಿಲ್ಲುತ್ತಿದ್ದ. ಅನ್ನದ ಮುಂದೆ ಕೂತು ಬಾಗಿಲ ಕಡೆ ನೋಡುತ್ತಿದ್ದ. ಕೆಲಸವಿಲ್ಲದಿದ್ದರೂ ಬೆಳಿಗ್ಗೆ ಹತ್ತಕ್ಕೆ ನನ್ನ ಎರಡನೇ ಸ್ಟೂಲಿಗೆ ಹಾಜರಾಗುತ್ತಿದ್ದ. ಮಾತು ಎಷ್ಟು ಮೆತ್ತಗಾಗಿತ್ತು ಅಂದರೆ ನಾನು ಮಷೀನು ನಿಲ್ಲಿಸಿ ಕಿವಿ ಕೊಡಬೇಕಿತ್ತು. ಮಾತಾದರೂ ಏನು, ಒಂದೇ. "ಎಲ್ಲಿದಾಳೋ. ಅವರು ಹುಡುಕ್ಕೊಂಡು ಹೋಗಿದ್ರೆ? ಒಳಗಿದ್ರೇನು, ಹೊರಗೆ ಅವರ ಕಡೆಯವರಿಲ್ವಾ?"

ಒಂದು ದಿನ ಅವನು ಬರಲಿಲ್ಲ. ಮಾರನೇ ದಿನ ಬಂದು, ಆ ಊರಿಗೆ ಹೋಗಿದ್ದೆ ಅಂದ. ರಸ್ತೆಯ ಈಚೆ ನಿಂತು ಬೇಕರಿ ನೋಡಿದನಂತೆ. ಕೌಂಟರಿನಲ್ಲಿ ಬೇರೆ ಹುಡುಗಿ ಇದ್ದಳಂತೆ. ನನಗೆ ಮೈ ಉರಿದುಹೋಯಿತು.

"ಬುದ್ಧಿ ನೆಟ್ಟಗಿದೆಯಾ ನಿಮಗೆ? ನಿಮ್ಮ ಹಿಂದೆ ಯಾರಾದ್ರೂ ಬಂದಿದ್ರೆ? ಒಂದು ಸಲ ಬಾಯಿಂದ ಕೆಡಿಸಿದ್ದು ಸಾಲದೂಂತ ಈಗ ಕಾಲಿಂದ ಕೆಡಿಸ್ತೀರಾ?"

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಇಲ್ಲ, ಇನ್ಮೇಲೆ ಹೋಗಲ್ಲ" ಅಂದ, ಚಿಕ್ಕ ಮಕ್ಕಳ ಹಾಗೆ. ಆಮೇಲೆ ಅವನು ಮಾಡಿದ್ದು ಒಂದೇ, ವಾರ್ಡನ್‌ಗಾಗಿ ಕಾಯುವುದು. ಬೇರೆ ಕೇಸಿಗಾದರೂ ಅವರು ಬಂದೇ ಬರುತ್ತಾರೆ, ಒಂದು ಮಾತು ಕೇಳಿದರೆ ಸಾಕು ಅಂತಿದ್ದ.

ತೀರ್ಪಾಗಿ ಎರಡು ತಿಂಗಳಿಗೆ ಅವರು ಬಂದರು. ಕೈಯಲ್ಲಿ ಫೈಲು, ಜೊತೆಗೆ ಇನ್ನೊಬ್ಬ ಹುಡುಗಿ. ಮೆಟ್ಟಿಲು ಹತ್ತಿ ಬರುತ್ತಿದ್ದ ಹಾಗೇ ಮೈಕಣ್ಣ ಎದ್ದು ದಾರಿಗೆ ನಿಂತ.

"ಮೇಡಂ, ಆ ಹುಡುಗಿ... ಎಲ್ಲಿದಾಳೆ ಅಂತ ಕೇಳಲ್ಲ. ಚೆನ್ನಾಗಿದಾಳಾ? ಅಷ್ಟು ಹೇಳಿ ಸಾಕು."

ವಾರ್ಡನ್ ಅವನನ್ನು ಗುರುತು ಹಿಡಿದರು. ಹಿಡಿದದ್ದು ನನಗೆ ಸ್ಪಷ್ಟವಾಗಿ ಕಂಡಿತು.

"ಯಾವ ಹುಡುಗಿ?" ಅಂದರು.

"ಲಾಂಡ್ರಿ ಕೇಸು ಮೇಡಂ. ಸಾಕ್ಷಿ ನಾಲ್ಕು."

"ಅಂಥವರು ಯಾರೂ ನನಗೆ ಗೊತ್ತಿಲ್ಲ" ಅಂದು, ಜೊತೆಗಿದ್ದ ಹುಡುಗಿಯ ಹೆಗಲ ಮೇಲೆ ಕೈ ಹಾಕಿ, ಅವನನ್ನು ಬಳಸಿಕೊಂಡು ಹೋಗಿಬಿಟ್ಟರು.

ನನಗೆ ರೇಗಿತು. ಎದ್ದು ಹಿಂದೆಯೇ ಹೋಗಬೇಕು ಅನ್ನಿಸಿತು. "ಚೆನ್ನಾಗಿದಾಳೆ ಅಂತ ಒಂದು ಮಾತು ಹೇಳಿದ್ರೆ ಇವರ ಗಂಟೇನು ಹೋಗ್ತಿತ್ತು?" ಅಂತ ಮೈಕಣ್ಣನ ಕಡೆ ತಿರುಗಿದೆ.

ಅವನು ಸ್ಟೂಲಿನ ಮೇಲೆ ಕೂತಿದ್ದ. ಎರಡೂ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಷ್ಟು ತಿಂಗಳಲ್ಲಿ ಅವನ ಕಾಲು ಅಲುಗಾಡದೆ ಇದ್ದದ್ದು ಅದೇ ಮೊದಲು ನೋಡಿದೆ.

"ಬೈಬೇಡಿ ಜೆರಾಕ್ಸಮ್ಮ. ಹೀಗೆ ಬೇಡ್ಕೊಂಡ್ರೂ ನಂಗೇ ಹೇಳಲಿಲ್ಲ ಅಂದ್ರೆ, ಇನ್ನು ಯಾರಿಗೂ ಹೇಳಲ್ಲ. ನಂಗೆ ಅಷ್ಟು ಸಾಕು" ಅಂದ.

ಎದ್ದು ಮನೆಗೆ ಹೋದ. ಮಾರನೇ ದಿನ ಅವನು ಬರಲಿಲ್ಲ.